ಹಳೇ ಟರ್ಬೊ ಕಾರಿಗೆ ಸ್ವಲ್ಪ ಜಾಸ್ತಿ ಪವರ್ ಬೇಕಾ? ಮೊದಲು ಕಳೆದುಹೋಗಿರೋ ಪವರ್ ಹುಡುಕಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಕೆಲವು ಮಾತುಗಳನ್ನು ಚಿಕ್ಕದು ಮಾಡಲಾಗಿದೆ.)

ಕಂಪನಿ ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೆ, ಬೊಮ್ಮಸಂದ್ರದಲ್ಲಿ ಮೆಟ್ರೊ ಕಾಯ್ತಾ ಇರೋರಿಗೆ, ಚಂದಾಪುರ ಸರ್ಕಲ್‌ನಲ್ಲಿ ಅರ್ಧ ಗಂಟೆಯಿಂದ ಫಸ್ಟ್ ಗೇರ್‌ನಲ್ಲೇ ಇರೋರಿಗೆ, ಎಲ್ಲರಿಗೂ ಸ್ವಾಗತ.

ಇವತ್ತಿನ ವಿಷಯ ತುಂಬ ಜನ ಮೆಸೇಜ್ ಮಾಡಿ ಕೇಳಿದ್ದು. ‘ಅಣ್ಣ, ಸೆಕೆಂಡ್ ಹ್ಯಾಂಡ್‌ನಲ್ಲಿ ಹಳೇ ಟರ್ಬೊ ಪೆಟ್ರೋಲ್ ಕಾರ್ ತಗೊಂಡಿದ್ದೀನಿ. ಜಾಸ್ತಿ ಏನೂ ಬೇಡ, ಒಂದು 20-30 ಕುದುರೆ ಶಕ್ತಿ ಜಾಸ್ತಿ ಮಾಡ್ಬೋದಾ? ರೀಮ್ಯಾಪ್ ಮಾಡಿಸ್ಲಾ?’

ಉತ್ತರ ಹೇಳೋ ಮೊದಲು ಒಂದು ವಿಷಯ ಒಪ್ಕೊಂಡುಬಿಡ್ತೀನಿ. ಎರಡು ವರ್ಷದ ಹಿಂದೆ ಇದೇ ಪ್ರಶ್ನೆಯನ್ನ ನನ್ನ ಗೆಳೆಯ ನನ್ನ ಹತ್ರ ಕೇಳಿದ್ದ. ನಾನು ಒಂದು ವಿಡಿಯೊ ಲಿಂಕ್ ಕಳಿಸಿ, ‘ಮಾಡ್ಸು ಮಗಾ, ಒಂದು ಗಂಟೆ ಕೆಲಸ’ ಅಂದಿದ್ದೆ. ಅವನು ಮಾಡಿಸಿದ. ಆಮೇಲೆ ಏನಾಯ್ತು ಅಂತ ಮುಂದೆ ಹೇಳ್ತೀನಿ. ಆ ಕಾರಲ್ಲಿ ಪಕ್ಕದ ಸೀಟಲ್ಲಿ ನಾನೇ ಕೂತಿದ್ದೆ. ಅದಕ್ಕೇ ಈ ಸಲ ಉತ್ತರ ಸ್ವಲ್ಪ ಉದ್ದ.

ನನ್ನ ಕಾರು ಯಾವುದು?

ನನ್ನ ಹತ್ರ ಇರೋದು ಹಳೇ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ನಾನು ಮೂರನೇ ಓನರ್. ಈಗಿನ ಹುಡುಗರಿಗೆ ಈ ಕಾರಿನ ಹೆಸರು ಗೊತ್ತಿಲ್ಲದೇ ಇರಬಹುದು, ಹಾಗಾಗಿ ಚಿಕ್ಕದಾಗಿ ಹೇಳ್ತೀನಿ.

ಆಕ್ಟೇವಿಯಾ ನಮ್ಮ ದೇಶಕ್ಕೆ ಬಂದಿದ್ದು 2001ರಲ್ಲಿ. ಮಹಾರಾಷ್ಟ್ರದ ಔರಂಗಾಬಾದ್‌ನಲ್ಲಿ, ಅಂದ್ರೆ ಈಗಿನ ಛತ್ರಪತಿ ಸಂಭಾಜಿನಗರದಲ್ಲಿ, ಜೋಡಣೆ ಆಗ್ತಿತ್ತು. 2004ರಲ್ಲಿ ಅದರ ಆರ್‌ಎಸ್ ಮಾದರಿ ಬಂತು. ಒಳಗೆ 1.8 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, ಒಂದೊಂದು ಸಿಲಿಂಡರ್‌ಗೆ ಐದು ವಾಲ್ವ್, ಒಟ್ಟು 20. ಪವರ್ 150 ಕುದುರೆ ಶಕ್ತಿ, ಟಾರ್ಕ್ 210 ನ್ಯೂಟನ್ ಮೀಟರ್. ಆ ಕಾಲಕ್ಕೆ ನಮ್ಮಲ್ಲಿ ಟರ್ಬೊ ಅಂದ್ರೆ ಡೀಸೆಲ್ ಅಂತಲೇ ಲೆಕ್ಕ. ಪೆಟ್ರೋಲ್‌ಗೆ ಟರ್ಬೊ ಹಾಕಿ, ಅದನ್ನ ಮನೆ ಮಂದಿ ಎಲ್ಲ ಕೂತು ಹೋಗೋ ಸೆಡಾನ್‌ನಲ್ಲಿ ಕೊಟ್ಟಿದ್ದು ದೊಡ್ಡ ಸುದ್ದಿ.

ಆಮೇಲೆ ಇದೇ ದಾರಿಯಲ್ಲಿ ಇನ್ನೂ ಕೆಲವು ಬಂದವು. 2010ರಲ್ಲಿ ಫಿಯೆಟ್ ಲಿನಿಯಾ ಟಿ-ಜೆಟ್, 2011ರಲ್ಲಿ ಲಾರಾ ಆರ್‌ಎಸ್, 2013ರಲ್ಲಿ ಪೋಲೊ ಜಿಟಿ ಟಿಎಸ್‌ಐ, 2015ರಲ್ಲಿ ಅಬಾರ್ತ್ ಪುಂಟೊ. ಇವತ್ತು ನೀವು ಸೆಕೆಂಡ್ ಹ್ಯಾಂಡ್ ಮಾರ್ಕೆಟ್‌ನಲ್ಲಿ ‘ಕಡಿಮೆ ದುಡ್ಡಿಗೆ ಸ್ಪೋರ್ಟ್ಸ್ ಕಾರ್’ ಅಂತ ಹುಡುಕೋದು ಹೆಚ್ಚುಕಮ್ಮಿ ಇವನ್ನೇ. ಹಾಗಾಗಿ ನಾನು ಹೇಳೋದು ನನ್ನ ಕಾರಿನ ಕಥೆ ಆದ್ರೂ, ಪಾಠ ಇವೆಲ್ಲಕ್ಕೂ ಹೊಂದುತ್ತೆ.

ಆಸೆ ಹುಟ್ಟೋಕೆ ಕಾರಣ ಇದು. ಇಲ್ಲಿ 150 ಇದ್ದ ಆಕ್ಟೇವಿಯಾ ಆರ್‌ಎಸ್‌ಗೆ ಯುರೋಪ್‌ನಲ್ಲಿ 180 ಕುದುರೆ ಶಕ್ತಿ ಇತ್ತು. ಅದೇ 1.8 ಟರ್ಬೊ ಎಂಜಿನ್ ಕುಟುಂಬ. ಆಡಿ ಟಿಟಿಯಲ್ಲಿ ಇದೇ ಕುಟುಂಬದ ಎಂಜಿನ್ 225 ಕೊಡ್ತಿತ್ತು. ‘ಹಾಗಾದ್ರೆ ನಮ್ಮ ಎಂಜಿನ್ ಒಳಗೆ 30 ಕುದುರೆ ಕಟ್ಟಿ ಹಾಕಿದ್ದಾರೆ, ಹಗ್ಗ ಬಿಚ್ಚಿದ್ರೆ ಆಯ್ತು’ ಅನ್ಸುತ್ತೆ. ಅರ್ಧ ನಿಜ. ಎಂಜಿನ್ ಕುಟುಂಬ ಒಂದೇ, ಆದ್ರೆ ಬಿಡಿಭಾಗ ಎಲ್ಲ ಒಂದೇ ಅಲ್ಲ. ಟರ್ಬೊ ಬೇರೆ ಇರಬಹುದು, ಸೆನ್ಸರ್ ಬೇರೆ ಇರಬಹುದು. 225ರ ಎಂಜಿನ್‌ಗಂತೂ ದೊಡ್ಡ ಟರ್ಬೊ, ಎರಡು ಇಂಟರ್‌ಕೂಲರ್ ಇತ್ತು. ಬರೀ ಸಾಫ್ಟ್‌ವೇರ್‌ನಿಂದ ಬಂದ ವ್ಯತ್ಯಾಸ ಅಲ್ಲ ಅದು.

ಟರ್ಬೊ ಏನ್ ಮಾಡುತ್ತೆ?

ಎಂಜಿನ್‌ಗೆ ಪವರ್ ಬರೋದು ಪೆಟ್ರೋಲ್‌ನಿಂದ. ಆದ್ರೆ ಪೆಟ್ರೋಲ್ ಉರಿಯೋಕೆ ಗಾಳಿ ಬೇಕು. ಸುಮಾರು ಒಂದು ಕೆಜಿ ಪೆಟ್ರೋಲ್‌ಗೆ 14.7 ಕೆಜಿ ಗಾಳಿ. ಪೆಟ್ರೋಲ್ ಎಷ್ಟು ಬೇಕಾದ್ರೂ ಸುರಿಯಬಹುದು, ಗಾಳಿ ಒಳಗೆ ಹಾಕೋದೇ ಕಷ್ಟ. ಆ ಕೆಲಸ ಟರ್ಬೊದ್ದು. ಹೊಗೆ ಹೊರಗೆ ಹೋಗುವಾಗ ಒಂದು ಚಕ್ರ ತಿರುಗಿಸುತ್ತೆ, ಆ ಚಕ್ರ ಇನ್ನೊಂದು ಚಕ್ರ ತಿರುಗಿಸುತ್ತೆ, ಅದು ಗಾಳಿಯನ್ನ ಒತ್ತಿ ಎಂಜಿನ್ ಒಳಗೆ ತುಂಬುತ್ತೆ. ಆ ಒತ್ತಡಕ್ಕೇ ಬೂಸ್ಟ್ ಅನ್ನೋದು. ರೀಮ್ಯಾಪ್ ಅಂದ್ರೆ ಎಂಜಿನ್‌ನ ಕಂಪ್ಯೂಟರ್, ಅಂದ್ರೆ ಇಸಿಯು, ಅದರ ಲೆಕ್ಕದ ಪುಸ್ತಕ ತಿದ್ದೋದು. ಎಷ್ಟು ಬೂಸ್ಟ್, ಎಷ್ಟು ಪೆಟ್ರೋಲ್, ಕಿಡಿ ಯಾವಾಗ ಹಾರಬೇಕು, ಈ ಮೂರು ಲೆಕ್ಕ.

ಈಗ ನಮ್ಮೂರಿನ ವಿಷಯಕ್ಕೆ ಬರೋಣ. ಆನೇಕಲ್ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಒತ್ತಡ ಚೆನ್ನೈ ಬೀಚ್‌ನಲ್ಲಿ ಇರೋದರ ಶೇ 90ರಷ್ಟು ಮಾತ್ರ. ಟರ್ಬೊ ಇಲ್ಲದ ಕಾರು ಇಲ್ಲಿ ಹತ್ತಿರ ಹತ್ತಿರ ಶೇ 10ರಷ್ಟು ಪವರ್ ಸುಮ್ಮನೆ ಕಳ್ಕೊಳ್ಳುತ್ತೆ. ಟರ್ಬೊ ಕಾರು ಕಳ್ಕೊಳ್ಳಲ್ಲ, ಯಾಕಂದ್ರೆ ಟರ್ಬೊ ಇನ್ನಷ್ಟು ಜೋರಾಗಿ ತಿರುಗಿ ಕೊರತೆ ತುಂಬಿಸುತ್ತೆ. ಕೇಳೋಕೆ ಖುಷಿ. ಆದ್ರೆ ಇದರಲ್ಲಿ ಒಂದು ಎಚ್ಚರಿಕೆನೂ ಇದೆ: ನಮ್ಮೂರಲ್ಲಿ ಟರ್ಬೊ ಆಗಲೇ ಹೆಚ್ಚಿಗೆ ದುಡೀತಾ ಇದೆ. ಯುರೋಪ್‌ನ ತಗ್ಗು ಪ್ರದೇಶದಲ್ಲಿ ಟೆಸ್ಟ್ ಮಾಡಿದ ಫೈಲ್ ತಂದು ಇಲ್ಲಿ ಹಾಕಿದ್ರೆ, ಅಷ್ಟೇ ಒತ್ತಡ ಮುಟ್ಟೋಕೆ ಟರ್ಬೊ ಅಲ್ಲಿಗಿಂತ ಹೆಚ್ಚು ತಿರುಗಬೇಕು.

ಎರಡನೇ ವಿಷಯ ಬಿಸಿ. ಸೈಕಲ್‌ಗೆ ಗಾಳಿ ಹೊಡೆದು ಪಂಪ್ ಮುಟ್ಟಿ ನೋಡಿದ್ದೀರಾ? ಬಿಸಿ ಆಗಿರುತ್ತೆ. ಟರ್ಬೊನೂ ಅಷ್ಟೇ. ಹೊರಗೆ 30 ಡಿಗ್ರಿ ಇದ್ದಾಗ, ಗಾಳಿಯನ್ನ 1.6 ಪಟ್ಟು ಒತ್ತಿದ್ರೆ ಅದು ಸುಮಾರು 90 ಡಿಗ್ರಿ ಮುಟ್ಟುತ್ತೆ. ಎರಡು ಪಟ್ಟು ಒತ್ತಿದ್ರೆ 120 ದಾಟುತ್ತೆ. ಅದನ್ನ ತಣ್ಣಗೆ ಮಾಡೋಕೆ ಇಂಟರ್‌ಕೂಲರ್ ಇದೆ. ಆದ್ರೆ ನನ್ನಂಥ ಹಳೇ ಕಾರಲ್ಲಿ ಅದು ಚಿಕ್ಕದು, ಬಂಪರ್ ಮೂಲೆಯಲ್ಲಿ, ಚಕ್ರದ ಹತ್ತಿರ ಅಡಗಿ ಕೂತಿರುತ್ತೆ. ಹೊಸೂರು ರಸ್ತೆ ಟ್ರಾಫಿಕ್‌ನಲ್ಲಿ ಕಾರು ನಿಂತಿದ್ರೆ ಅದಕ್ಕೆ ಗಾಳಿ ಎಲ್ಲಿಂದ ಬರಬೇಕು? ಹೆಬ್ಬಗೋಡಿಯಲ್ಲಿ 20 ನಿಮಿಷ ತೆವಳಿ, ಖಾಲಿ ರಸ್ತೆ ಸಿಕ್ಕ ತಕ್ಷಣ ಆಕ್ಸಿಲರೇಟರ್ ಒತ್ತಿದ್ರೆ, ಎಂಜಿನ್ ಕುಡಿಯೋದು ಬಿಸಿ ಗಾಳಿ.

ಬಿಸಿ ಗಾಳಿ ಬಂದ್ರೆ ಏನಾಗುತ್ತೆ? ಕಿಡಿ ಹಾರಿ ಪೆಟ್ರೋಲ್ ಕ್ರಮವಾಗಿ ಉರೀತಾ ಬರುವಾಗ, ಮೂಲೆಯಲ್ಲಿ ಉಳಿದಿರೋ ಮಿಶ್ರಣ ತಾನೇ ತಾನಾಗಿ ಸ್ಫೋಟ ಆಗುತ್ತೆ. ಅದಕ್ಕೆ ನಾಕಿಂಗ್ ಅಂತಾರೆ. ಪಿಸ್ಟನ್ ತಲೆ ಮೇಲೆ ಚಿಕ್ಕ ಸುತ್ತಿಗೆಯಲ್ಲಿ ಹೊಡೆದ ಹಾಗೆ. ಒಂದೆರಡು ಸಲ ಆದ್ರೆ ಸೆನ್ಸರ್ ಗಮನಿಸಿ ಕಿಡಿಯನ್ನ ತಡ ಮಾಡುತ್ತೆ, ಪವರ್ ಇಳಿಸುತ್ತೆ. ರೀಮ್ಯಾಪ್‌ನಲ್ಲಿ ಆ ಕಾವಲನ್ನೇ ಸಡಿಲ ಮಾಡಿದ್ರೆ, ಸುತ್ತಿಗೆ ಏಟು ಬೀಳ್ತಾನೇ ಇರುತ್ತೆ.

ಗೆಳೆಯನ ಕಾರಿಗೆ ಏನಾಯ್ತು?

ನನ್ನ ಗೆಳೆಯನ ಕಾರು ಯಾವ ಕಂಪನಿದು, ಎಲ್ಲಿ ಮಾಡಿಸಿದ ಅಂತ ಹೇಳಲ್ಲ. ಅದು ಮುಖ್ಯ ಅಲ್ಲ. ಹತ್ತು ವರ್ಷ ದಾಟಿದ್ದ ಟರ್ಬೊ ಪೆಟ್ರೋಲ್. ಸಂಜೆ ಫೈಲ್ ಹಾಕಿಸಿದ. ಎರಡು ವಾರ ಸ್ವರ್ಗ. ಅತ್ತಿಬೆಲೆ ಟೋಲ್ ದಾಟಿದ ಮೇಲೆ ಅವನು ನಗೋದು ನೋಡಬೇಕಿತ್ತು.

ಮೂರನೇ ಭಾನುವಾರ ಕೃಷ್ಣಗಿರಿಗೆ ಹೋಗಿ ವಾಪಸ್ ಬರ್ತಾ ಇದ್ವಿ. ಆ ರಸ್ತೆ ಗೊತ್ತಿರೋರಿಗೆ ಗೊತ್ತು, ಕೃಷ್ಣಗಿರಿಯಿಂದ ಹೊಸೂರಿಗೆ ಬರೋದು ಅಂದ್ರೆ ಏರು. ನೂರಾರು ಮೀಟರ್ ಮೇಲೆ ಹತ್ತಬೇಕು. ಮಧ್ಯಾಹ್ನದ ಬಿಸಿಲು, ಎಸಿ ಫುಲ್, ನಾಲ್ಕು ಜನ. ಏರಲ್ಲಿ ಲಾರಿ ಓವರ್‌ಟೇಕ್ ಮಾಡೋಕೆ ಪೂರ್ತಿ ಒತ್ತಿದ. ಒಂದು ಕ್ಷಣ ಕಟಕಟ ಅಂತ ಸದ್ದು, ಆಮೇಲೆ ಕಾರು ನಡುಗೋಕೆ ಶುರು. ಕನ್ನಡಿಯಲ್ಲಿ ನೋಡಿದ್ರೆ ಹಿಂದೆ ಪೂರ್ತಿ ನೀಲಿ ಹೊಗೆ. ಲಾರಿ ಪಕ್ಕದಲ್ಲೇ ಇದೆ, ಕಾರು ಮುಂದೆ ಹೋಗ್ತಿಲ್ಲ. ಲಾರಿ ಡ್ರೈವರ್ ನಿಧಾನ ಮಾಡಿ ದಾರಿ ಬಿಟ್ಟ. ಇಲ್ಲಾಂದ್ರೆ ಇವತ್ತು ಈ ಸಂಚಿಕೆ ಇರ್ತಿರಲಿಲ್ಲ.

ಎಂಜಿನ್ ಬಿಚ್ಚಿದಾಗ ಗೊತ್ತಾಯ್ತು: ಒಂದು ಪಿಸ್ಟನ್‌ನಲ್ಲಿ ರಿಂಗ್ ಕೂರೋ ಅಂಚೇ ಒಡೆದು ಹೋಗಿತ್ತು. ಕಾರಣ ಒಂದಲ್ಲ, ಮೂರು. ಟ್ಯಾಂಕ್ ಒಳಗಿನ ಹಳೇ ಫ್ಯೂಯೆಲ್ ಪಂಪ್ ಸೋತಿತ್ತು, ಪೂರ್ತಿ ಒತ್ತಿದಾಗ ಬೇಕಾದಷ್ಟು ಪೆಟ್ರೋಲ್ ಕೊಡ್ತಿರಲಿಲ್ಲ. ಫೈಲ್ ಬರೆದಿದ್ದು ಹೈ ಆಕ್ಟೇನ್ ಪೆಟ್ರೋಲ್‌ಗೆ, ಇವನು ಹಾಕ್ತಿದ್ದದ್ದು ಮಾಮೂಲಿ ಪೆಟ್ರೋಲ್. ಮತ್ತೆ ಫೈಲ್ ಹಾಕೋ ಮೊದಲು ಯಾರೂ ಕಾರನ್ನ ಪರೀಕ್ಷೆ ಮಾಡಿರಲಿಲ್ಲ. ಕಂಪನಿ ಟ್ಯೂನ್‌ನಲ್ಲಿ ಆ ಸೋತ ಪಂಪ್ ಹೇಗೋ ಸಾಲ್ತಿತ್ತು. ಹೊಸ ಟ್ಯೂನ್‌ಗೆ ಸಾಲಲಿಲ್ಲ.

ಕಾರಿನ ಇಎಂಐ ಇನ್ನೂ 14 ತಿಂಗಳು ಬಾಕಿ ಇತ್ತು. ಓಡದೇ ಇರೋ ಕಾರಿಗೆ ಅವನು 14 ತಿಂಗಳೂ ಕಟ್ಟಿದ. ಒಂದು ಸಲಾನೂ ನನಗೆ ಏನೂ ಅನ್ನಲಿಲ್ಲ. ಲಿಂಕ್ ಕಳಿಸಿದ್ದು ನಾನು.

ಜಿಗಣಿ ರಸ್ತೆಯ ಸೋಪಿನ ನೀರು

ಅದಾದ ಮೇಲೆ ನನ್ನ ಕಾರಿಗೂ ಪವರ್ ಬೇಕು ಅನ್ನೋ ಆಸೆ ಹೋಯ್ತಾ? ಇಲ್ಲ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಈ ಸಲ ಮೊದಲು ಜಿಗಣಿ ರಸ್ತೆಯ ಒಬ್ಬ ಹಳೇ ಮೆಕ್ಯಾನಿಕ್ ಹತ್ರ ಹೋದೆ. ‘ಅಣ್ಣ, ಇದಕ್ಕೆ 30 ಕುದುರೆ ಜಾಸ್ತಿ ಬೇಕು’ ಅಂದೆ. ಅವರು ಬಾನೆಟ್ ಎತ್ತಿ, ‘ಮೊದ್ಲು ಇರೋ ಕುದುರೆ ಎಣಿಸೋಣ’ ಅಂದ್ರು.

ಏರ್ ಫಿಲ್ಟರ್ ಕಡೆಯ ಪೈಪ್‌ಗೆ ಒಂದು ಮುಚ್ಚಳ ಹಾಕಿ, ಅದಕ್ಕೆ ಟ್ಯೂಬ್ ವಾಲ್ವ್ ಸಿಕ್ಕಿಸಿ, ಪಂಕ್ಚರ್ ಅಂಗಡಿ ಕಂಪ್ರೆಸರ್‌ನಿಂದ ಸ್ವಲ್ಪವೇ ಗಾಳಿ ಬಿಟ್ರು. ಎಂಜಿನ್ ಆಫ್. ಆಮೇಲೆ ಎಲ್ಲ ಹೋಸ್ ಮೇಲೆ ಸೋಪಿನ ನೀರು ಚಿಮುಕಿಸಿದ್ರು. ಮೂರು ಕಡೆ ಗುಳ್ಳೆ ಬಂತು. ಒಂದು ಕಡೆ ಗುಳ್ಳೆ ಅಲ್ಲ, ಬುಸ್ ಅಂತ ಗಾಳಿ. ಇದರಲ್ಲಿ ಕಾರಿನ ತಪ್ಪೇನೂ ಇಲ್ಲ. ಹದಿನೈದು ವರ್ಷ ಎಂಜಿನ್ ಬಿಸಿಯಲ್ಲಿ ಬೆಂದ ರಬ್ಬರ್ ಯಾವ ಕಾರಲ್ಲಿದ್ರೂ ಬಿರುಕು ಬಿಡುತ್ತೆ.

ಈ ಸೋರಿಕೆ ಏನು ಮಾಡುತ್ತೆ ಗೊತ್ತಾ? ಏರ್ ಫಿಲ್ಟರ್ ಪಕ್ಕದಲ್ಲಿರೋ ಸೆನ್ಸರ್ ಒಳಗೆ ಬಂದ ಗಾಳಿ ಅಳೀತದೆ. ಇಸಿಯು ಆ ಲೆಕ್ಕಕ್ಕೆ ಪೆಟ್ರೋಲ್ ಹಾಕುತ್ತೆ. ಆದ್ರೆ ಗಾಳಿ ದಾರಿಯಲ್ಲೇ ಸೋರಿಹೋದ್ರೆ? ಪೆಟ್ರೋಲ್ ಜಾಸ್ತಿ ಆಯ್ತು. ಮೈಲೇಜ್ ಇಳೀತು, ಸೈಲೆನ್ಸರ್ ಕಪ್ಪಾಯ್ತು. ಇನ್ನೊಂದು ಕಡೆ, ಬೂಸ್ಟ್ ಸಾಕಾಗ್ತಿಲ್ಲ ಅಂತ ಇಸಿಯು ಟರ್ಬೊಗೆ ಇನ್ನೂ ಓಡು ಅನ್ನುತ್ತೆ. ತೂತಿನ ಬಿಂದಿಗೆಗೆ ನೀರು ತುಂಬಿಸೋ ಹಾಗೆ, ಟರ್ಬೊ ಸುಮ್ಮನೆ ದಣೀತದೆ. ಇಂಥ ಕಾರಿಗೆ ಬೂಸ್ಟ್ ಏರಿಸೋ ಫೈಲ್ ಹಾಕಿದ್ರೆ ಸೋರಿಕೆನೂ ಏರುತ್ತೆ, ಅಷ್ಟೇ.

ಅವತ್ತು ಮತ್ತು ಮುಂದಿನ ಕೆಲವು ವಾರಗಳಲ್ಲಿ ಮಾಡಿಸಿದ್ದು ಇಷ್ಟು. ಇದನ್ನ ಬೇಕಾದ್ರೆ ಸ್ಕ್ರೀನ್‌ಶಾಟ್ ತಗೊಳ್ಳಿ:

ಒಂದು, ಬಿರುಕು ಬಿಟ್ಟ ಹೋಸ್ ಮತ್ತು ತೆಳು ವ್ಯಾಕ್ಯೂಮ್ ಪೈಪ್ ಎಲ್ಲ ಬದಲು. ತೆಳು ಪೈಪ್‌ಗಳ ಖರ್ಚು ನಾಲ್ಕು ಜನ ಬಿರಿಯಾನಿ ತಿನ್ನೋ ಬಿಲ್‌ಗಿಂತ ಕಡಿಮೆ.

ಎರಡು, ಡೈವರ್ಟರ್ ವಾಲ್ವ್. ನೀವು ಆಕ್ಸಿಲರೇಟರ್ ಬಿಟ್ಟಾಗ ಟರ್ಬೊ ಹಿಂದೆ ಸಿಕ್ಕಿಕೊಂಡ ಗಾಳಿಗೆ ವಾಪಸ್ ದಾರಿ ಕೊಡೋದು ಇದು. ಒಳಗಿನ ರಬ್ಬರ್ ಪೊರೆ ಹರಿದ್ರೆ ಬೂಸ್ಟ್ ಅಲ್ಲೇ ಸೋರುತ್ತೆ. ನಂದು ಹರಿದಿತ್ತು.

ಮೂರು, ಸ್ಪಾರ್ಕ್ ಪ್ಲಗ್ ನಾಲ್ಕೂ ಹೊಸದು, ದುರ್ಬಲ ಆಗಿದ್ದ ಒಂದು ಇಗ್ನಿಷನ್ ಕಾಯಿಲ್ ಬದಲು. ಬೂಸ್ಟ್ ಜಾಸ್ತಿ ಇದ್ದಷ್ಟೂ ಕಿಡಿ ಹಾರೋದು ಕಷ್ಟ.

ನಾಲ್ಕು, ಗಾಳಿ ಅಳೆಯೋ ಸೆನ್ಸರ್ ಕ್ಲೀನಿಂಗ್, ಹೊಸ ಏರ್ ಫಿಲ್ಟರ್, ಫ್ಯೂಯೆಲ್ ಫಿಲ್ಟರ್. ಫ್ಯೂಯೆಲ್ ಪಂಪ್ ಒತ್ತಡ ಗೇಜ್ ಹಾಕಿ ಅಳೆಸಿದ್ದು. ಇದನ್ನ ನಾನೇ ಹಟ ಮಾಡಿ ಮಾಡಿಸಿದೆ, ಕಾರಣ ನಿಮಗೆ ಗೊತ್ತು.

ಐದು, ಆಯಿಲ್. ಟರ್ಬೊದ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತೆ. ಅದನ್ನ ಹಿಡಿದಿರೋದು ತೆಳುವಾದ ಒಂದು ಆಯಿಲ್ ಪದರ. ಕಂಪನಿ ಹೇಳಿದ ದರ್ಜೆಯ ಸಿಂಥೆಟಿಕ್ ಆಯಿಲ್, ಕಂಪನಿ ಹೇಳಿದ್ದಕ್ಕಿಂತ ಸ್ವಲ್ಪ ಮೊದಲೇ ಬದಲು. ಟೈಮಿಂಗ್ ಬೆಲ್ಟ್ ಹಿಂದಿನ ಓನರ್ ಯಾವಾಗ ಬದಲಿಸಿದ್ರು ಅನ್ನೋದಕ್ಕೆ ಬಿಲ್ ಇರಲಿಲ್ಲ, ಅದನ್ನೂ ಬದಲಿಸಿದೆ. ಈ ಎಂಜಿನ್‌ನಲ್ಲಿ ಬೆಲ್ಟ್ ತುಂಡಾದ್ರೆ ವಾಲ್ವ್‌ಗೆ ಪಿಸ್ಟನ್ ಬಡಿಯುತ್ತೆ.

ಆರು, ಇಂಟರ್‌ಕೂಲರ್ ಬಿಚ್ಚಿ ತೊಳೆದದ್ದು. ಮುಂದಿನ ಜಾಲರಿಯಲ್ಲಿ ಜಿಗಣಿ ಕಡೆಯ ಗ್ರಾನೈಟ್ ಧೂಳು ಗಾರೆ ಹಾಗೆ ಕೂತಿತ್ತು.

ಇಷ್ಟು ಆದ ಮೇಲೆ ಆನೇಕಲ್‌ನಿಂದ ಥಳಿ ರಸ್ತೆ ಕಡೆ ಒಂದು ಸುತ್ತು ಹೋದೆ. ಸತ್ಯ ಹೇಳ್ತೀನಿ, ಬೇರೆ ಕಾರು. ಮೊದಲು ಮೂರನೇ ಗೇರ್‌ನಲ್ಲಿ ಒತ್ತಿದ್ರೆ ಯೋಚನೆ ಮಾಡಿ ಮುಂದೆ ಹೋಗ್ತಿತ್ತು, ಈಗ ಎರಡು ಸಾವಿರ ಆರ್‌ಪಿಎಂ ಹತ್ತಿರವೇ ಬೆನ್ನು ಸೀಟಿಗೆ ಒತ್ತುತ್ತೆ. ನಾನು ಕೇಳೋಕೆ ಹೋಗಿದ್ದ ‘ಜಾಸ್ತಿ’ ಪವರ್‌ನಲ್ಲಿ ದೊಡ್ಡ ಪಾಲು ಕಾರಲ್ಲೇ ಇತ್ತು. ಸೋರಿ ಹೋಗ್ತಿತ್ತು.

ಪೆಟ್ರೋಲ್ ವಿಷಯ

ಆಕ್ಟೇನ್ ಅಂದ್ರೆ ಪವರ್ ಅಲ್ಲ. ನಾಕಿಂಗ್ ತಡ್ಕೊಳ್ಳೋ ತಾಕತ್ತು. ಹೈ ಆಕ್ಟೇನ್ ಪೆಟ್ರೋಲ್ ಹಾಕಿದ್ರೆ ಮಾಮೂಲಿ ಟರ್ಬೊ ಇಲ್ಲದ ಕಾರಿಗೆ ಹೆಚ್ಚು ಲಾಭ ಇಲ್ಲ. ಟರ್ಬೊ ಕಾರಿಗೆ ಇದೆ, ಯಾಕಂದ್ರೆ ಇಸಿಯು ಧೈರ್ಯವಾಗಿ ಕಿಡಿಯನ್ನ ಬೇಗ ಹಾರಿಸಬಹುದು. ನಮ್ಮಲ್ಲಿ ಮಾಮೂಲಿ ಬಿಎಸ್ 6 ಪೆಟ್ರೋಲ್ 91 ಆಕ್ಟೇನ್ ಇತ್ತು. ಎಕ್ಸ್‌ಪಿ95, ಎಕ್ಸ್‌ಪಿ100 ಥರದ್ದು ಕೆಲವು ಬಂಕ್‌ನಲ್ಲಿ ಸಿಗುತ್ತೆ.

ಈಗ ಬಂಕ್‌ಗಳಲ್ಲಿ ಬರ್ತಿರೋದು ಇ20, ಅಂದ್ರೆ ಶೇ 20 ಎಥೆನಾಲ್. ಇದರ ಆಕ್ಟೇನ್ 95 ಅಂತ ಪೆಟ್ರೋಲಿಯಂ ಸಚಿವಾಲಯ ಹೇಳುತ್ತೆ. ನಾಕಿಂಗ್ ಲೆಕ್ಕದಲ್ಲಿ ಒಳ್ಳೇದೇ. ಆದ್ರೆ ಎಥೆನಾಲ್‌ಗೆ ಗಾಳಿ ಕಡಿಮೆ ಸಾಕು, ಒಂದು ಕೆಜಿಗೆ 9 ಕೆಜಿ. ಹಾಗಾಗಿ ಇ20ಗೆ 14.7 ಬದಲು ಸುಮಾರು 13.5. ಅಂದ್ರೆ ಅದೇ ಗಾಳಿಗೆ ಇಂಧನ ಜಾಸ್ತಿ ಹಾಕಬೇಕು. ಮೆಲ್ಲಗೆ ಓಡಿಸುವಾಗ ಆಕ್ಸಿಜನ್ ಸೆನ್ಸರ್ ನೋಡ್ಕೊಂಡು ಇಸಿಯು ಸರಿ ಮಾಡ್ಕೊಳ್ಳುತ್ತೆ. ಪೂರ್ತಿ ಒತ್ತಿದಾಗ ಹಳೇ ಕಾರುಗಳ ಇಸಿಯು ಹೆಚ್ಚಾಗಿ ತನ್ನ ಹಳೇ ಪುಸ್ತಕವನ್ನೇ ನಂಬುತ್ತೆ. ಆ ಪುಸ್ತಕ ಬರೆದಾಗ ಇ20 ಇರಲಿಲ್ಲ. ಹಳೇ ಪಂಪ್, ಹಳೇ ಇಂಜೆಕ್ಟರ್ ಸ್ವಲ್ಪ ಸೋತಿದ್ರೆ ಇಂಧನ ಇನ್ನೂ ಕಡಿಮೆ. ರಬ್ಬರ್ ಸೀಲ್‌ಗಳೂ ಎಥೆನಾಲ್‌ಗೆ ಮಾಡಿದ್ದಲ್ಲ. ಅದಕ್ಕೇ ಟ್ಯೂನರ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ: ‘ಇದನ್ನ ಯಾವ ಪೆಟ್ರೋಲ್‌ಗೆ ಬರೆದಿದ್ದೀರಾ?’ ‘ಎಲ್ಲದಕ್ಕೂ ಆಗುತ್ತೆ’ ಅಂತ ಉತ್ತರ ಬಂದ್ರೆ ಕೀ ವಾಪಸ್ ಇಸ್ಕೊಳ್ಳಿ.

ಸ್ವಲ್ಪ ಅಂದ್ರೆ ಎಷ್ಟು?

ನನ್ನಂಥ ಎಂಜಿನ್‌ಗೆ 150ರಿಂದ 180ರ ಆಸುಪಾಸು, ಅಂದ್ರೆ ಶೇ 20. ಅದಕ್ಕಿಂತ ಮೇಲೆ ಹೋದ್ರೆ ಚಿಕ್ಕ ಟರ್ಬೊ ಗಾಳಿಗಿಂತ ಬಿಸಿಯನ್ನೇ ಜಾಸ್ತಿ ತಯಾರು ಮಾಡುತ್ತೆ. ಇನ್ನೊಂದು, ರೀಮ್ಯಾಪ್‌ನಲ್ಲಿ ಪವರ್‌ಗಿಂತ ಟಾರ್ಕ್ ಜಾಸ್ತಿ ಏರುತ್ತೆ, ಅದೂ ಕೆಳಗಿನ ಆರ್‌ಪಿಎಂನಲ್ಲಿ. ಆ ಏಟು ಬೀಳೋದು ಹಳೇ ಕ್ಲಚ್ ಮೇಲೆ, ಗೇರ್‌ಬಾಕ್ಸ್ ಮೇಲೆ, ಪಿಸ್ಟನ್ ರಾಡ್ ಮೇಲೆ. ಒಳ್ಳೇ ಟ್ಯೂನರ್ ಕೆಳಗೆ ಟಾರ್ಕ್ ಹಿಡಿದಿಟ್ಟು ಮೇಲೆ ನಿಧಾನವಾಗಿ ಬಿಡ್ತಾರೆ. ಓಡಿಸುವಾಗ ಅಷ್ಟು ‘ಕಿಕ್’ ಅನ್ಸಲ್ಲ, ಆದ್ರೆ ಎಂಜಿನ್ ಬಾಳುತ್ತೆ.

ಕೇಳಬೇಕಾದ ಇನ್ನೂ ಮೂರು: ಫೈಲ್ ಹಾಕೋ ಮೊದಲು ಕಾರನ್ನ ಓಡಿಸಿ ಲಾಗ್ ತಗೊಳ್ತೀರಾ? ಆಮೇಲೂ ಲಾಗ್ ತೋರಿಸ್ತೀರಾ, ಮುಖ್ಯವಾಗಿ ನಾಕಿಂಗ್ ಮತ್ತು ಒಳಗೆ ಹೋಗೋ ಗಾಳಿಯ ಬಿಸಿ? ಬೇಡ ಅನಿಸಿದ್ರೆ ಕಂಪನಿ ಫೈಲ್ ವಾಪಸ್ ಹಾಕಿ ಕೊಡ್ತೀರಾ?

ಮತ್ತೆ ಆ ಢಂ ಢಂ ಸದ್ದು. ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರ್‌ನಲ್ಲಿ ಪಟಾಕಿ. ಅದು ಪವರ್ ಅಲ್ಲ. ಬೇಕಂತಲೇ ಪೆಟ್ರೋಲ್ ಅನ್ನ ಹೊಗೆ ಪೈಪ್‌ನಲ್ಲಿ ಉರಿಸೋದು. ಟರ್ಬೊಗೂ ಕ್ಯಾಟಲಿಟಿಕ್ ಕನ್ವರ್ಟರ್‌ಗೂ ಅದು ಬೆಂಕಿ. ರಾತ್ರಿ ಪಾಳಿ ಮುಗಿಸಿ ಮಲಗಿರೋ ಪಕ್ಕದ ಮನೆಯವರಿಗೂ.

ಬ್ರೇಕ್ ಮರೀಬೇಡಿ. ವೇಗ 100ರಿಂದ 120 ಆದ್ರೆ ಶೇ 20 ಜಾಸ್ತಿ, ಆದ್ರೆ ನಿಲ್ಲಿಸಬೇಕಾದ ಶಕ್ತಿ ಶೇ 44 ಜಾಸ್ತಿ. ಟೈರ್ ತಯಾರಾದ ವಾರ, ವರ್ಷ ಅದರ ಪಕ್ಕದಲ್ಲೇ ನಾಲ್ಕು ಅಂಕಿಯಲ್ಲಿ ಬರೆದಿರುತ್ತೆ, ಓದಿ.

ಕಾನೂನು ಏನನ್ನುತ್ತೆ?

ಇದನ್ನ ಯಾರೂ ವಿಡಿಯೊದಲ್ಲಿ ಹೇಳಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿರೋ ವಿವರಗಳು ತಯಾರಕರು ಮೂಲದಲ್ಲಿ ಹೇಳಿದ್ದಕ್ಕಿಂತ ಬೇರೆ ಆಗೋ ಹಾಗೆ ವಾಹನ ಬದಲಾಯಿಸೋ ಹಾಗಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಗಟ್ಟಿಯಾಗಿ ಹೇಳ್ತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಬದಲಾವಣೆಗೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಅಂತ ಸೇರಿಸಿದ್ರು. ‘ಸಾಫ್ಟ್‌ವೇರ್ ತಾನೇ, ಯಾರಿಗೆ ಕಾಣುತ್ತೆ’ ಅಂತ ಅಂಗಡಿಯವರು ಹೇಳ್ತಾರೆ. ಕಾಣೋದು ಅಪಘಾತ ಆದ ಮೇಲೆ. ವಿಮೆ ಕಂಪನಿಗೆ ತಿಳಿಸದೇ ಎಂಜಿನ್ ಬದಲಾಯಿಸಿದ್ದೀರಿ ಅಂತ ಗೊತ್ತಾದ್ರೆ ಕ್ಲೇಮ್ ತಿರಸ್ಕಾರ ಆಗಬಹುದು. ಹಳೇ ಕಾರಿಗೆ ಇನ್ನೊಂದು: 15 ವರ್ಷ ಆದ ಮೇಲೆ ಆರ್‌ಸಿ ನವೀಕರಣಕ್ಕೆ ಫಿಟ್‌ನೆಸ್ ಪರೀಕ್ಷೆ ಇದೆ, ಆಮೇಲೆ ಐದೈದು ವರ್ಷಕ್ಕೆ. ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದುಹಾಕಿ ಅಲ್ಲಿ ಹೋಗಿ ನಿಂತ್ರೆ ಕಷ್ಟ.

ಹಾಗಾಗಿ ಮಾಡೋದೇ ಇದ್ರೆ, ಮೊದಲು ಆರ್‌ಟಿಒದಲ್ಲಿ ಕೇಳಿ, ವಿಮೆ ಕಂಪನಿಗೆ ಬರಹದಲ್ಲಿ ತಿಳಿಸಿ ಉತ್ತರ ತಗೊಳ್ಳಿ. ‘ಆಗಲ್ಲ’ ಅಂದ್ರೆ, ಆಗಲ್ಲ.

ಹಾಗಾದ್ರೆ ನಾನೇನು ಮಾಡಿದೆ?

ಸದ್ಯಕ್ಕೆ ರೀಮ್ಯಾಪ್ ಮಾಡಿಸಿಲ್ಲ. ನನ್ನ ಕಾರು ಕಂಪನಿ ಹೇಳಿದ 150ರ ಹತ್ತಿರ ಬಂದು ನಿಂತಿದೆ, ಮತ್ತೆ ಅದು ನನಗೆ ಸಾಕು ಅನ್ಸಿದೆ. ಎಲೆಕ್ಟ್ರಾನಿಕ್ ಸಿಟಿಗೆ ವಾರದಲ್ಲಿ ಮೂರು ದಿನ ಬೊಮ್ಮಸಂದ್ರದಿಂದ ಹಳದಿ ಮೆಟ್ರೊದಲ್ಲೇ ಹೋಗ್ತೀನಿ. ಭಾನುವಾರ ಬೆಳಿಗ್ಗೆ ಕಾರು ತೆಗೀತೀನಿ. ಪೂರ್ತಿ ಒತ್ತಬೇಕು ಅನಿಸಿದ್ರೆ ಅದಕ್ಕೆ ಜಾಗ ಇದೆ: ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈನ ರೇಸ್ ಟ್ರ್ಯಾಕ್, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ. ನೈಸ್ ರಸ್ತೆನೂ ಅಲ್ಲ, ಎಲಿವೇಟೆಡ್ ರಸ್ತೆನೂ ಅಲ್ಲ.

ನಿಮಗೆ ಇನ್ನೂ ಬೇಕು ಅನಿಸಿದ್ರೆ ತಪ್ಪಿಲ್ಲ, ಆದ್ರೆ ಕ್ರಮ ಬದಲಾಯಿಸಬೇಡಿ. ಮೊದಲು ಸೋಪಿನ ನೀರು. ಆಮೇಲೆ ಪಂಪ್, ಪ್ಲಗ್, ಆಯಿಲ್, ಇಂಟರ್‌ಕೂಲರ್. ಆಮೇಲೆ ಟೈರ್, ಬ್ರೇಕ್. ಆಮೇಲೆ ಆರ್‌ಟಿಒ, ವಿಮೆ. ಲ್ಯಾಪ್‌ಟಾಪ್ ಕೊನೆಗೆ. ನನ್ನ ಗೆಳೆಯನ ಕಾರಲ್ಲಿ ಲ್ಯಾಪ್‌ಟಾಪ್ ಮೊದಲು ಬಂತು.

ಅವನು ಕಳೆದ ತಿಂಗಳು ಮತ್ತೆ ಒಂದು ಹಳೇ ಟರ್ಬೊ ಕಾರು ನೋಡಿ ಬಂದಿದ್ದಾನೆ. ತಗೊಳ್ಳೋ ಮೊದಲು ಫೋನ್ ಮಾಡಿದ. ಈ ಸಲ ನಾನು ವಿಡಿಯೊ ಲಿಂಕ್ ಕಳಿಸಲಿಲ್ಲ. ಜಿಗಣಿ ರಸ್ತೆಯ ಲೊಕೇಶನ್ ಕಳಿಸಿದೆ.

ನಿಮ್ಮ ಹಳೇ ಕಾರಿನ ಕಥೆ ಇದ್ರೆ ವಾಯ್ಸ್ ನೋಟ್ ಕಳಿಸಿ. ಓಡಿಸ್ತಾ ಇರುವಾಗ ಬೇಡ, ನಿಲ್ಲಿಸಿ ಕಳಿಸಿ. ಮುಂದಿನ ವಾರ ಸಿಗೋಣ.